ಸೈಕಲ್ ಮಾಸ್ತರು ಹೇಳಿದ ಕತೆ

ಅವರ ಪ್ಯಾಂಟಿನ ಬಲಗಾಲಿನ ತುದಿಯನ್ನು ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪೊಂದು ಯಾವಾಗಲೂ ಕಚ್ಚಿಕೊಂಡಿರುತ್ತಿತ್ತು. ಚೈನಿಗೆ ಸಿಕ್ಕದಿರಲೆಂದು ಹಾಕಿಕೊಂಡದ್ದನ್ನು ಸೈಕಲ್ಲಿನಿಂದ ಇಳಿದ ಮೇಲೂ ತೆಗೆಯುತ್ತಿರಲಿಲ್ಲ. ಗುಡಿಯಲ್ಲಿ, ಖಾನಾವಳಿಯಲ್ಲಿ, ಎಲ್ಲೆಲ್ಲೂ ಅದೇ ಕ್ಲಿಪ್ಪು. ಹ್ಯಾಂಡಲ್ ಹಿಡಿದು ಹಿಡಿದು ಅವರ ಅಂಗೈ ಹಿಮ್ಮಡಿಯಂತೆ ಗಟ್ಟಿಯಾಗಿತ್ತು. ಕೈ ಕುಲುಕಿದವರು ಒಮ್ಮೆ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

ಧಾರವಾಡದ ಶಾಲೆಯೊಂದರಲ್ಲಿ ಆಟದ ಮಾಸ್ತರರಾಗಿದ್ದು ನಿವೃತ್ತರಾದವರು. ದೀಪಾವಳಿ ಮುಗಿದು ಬಿಸಿಲು ಇಳಿದ ಮೇಲೆ ಹತ್ತಿಪ್ಪತ್ತು ಜನರನ್ನು ಕೂಡಿಸಿಕೊಂಡು ಹುಬ್ಬಳ್ಳಿಯಿಂದ ಅಣ್ಣಿಗೇರಿ, ಲಕ್ಕುಂಡಿ, ಬಾದಾಮಿ, ಐಹೊಳೆಯವರೆಗೆ ಸೈಕಲ್ ಮೇಲೆ ಕರೆದೊಯ್ಯುತ್ತಿದ್ದರು. ಎಲ್ಲರೂ ಅವರನ್ನು ಸೈಕಲ್ ಮಾಸ್ತರೆಂದೇ ಕರೆಯುತ್ತಿದ್ದರು.

ನಾನು ಆ ಗುಂಪಿಗೆ ಸೇರಿದ್ದು ನನ್ನ ತಮ್ಮನ ಹಟಕ್ಕೆ. ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಹುಬ್ಬಳ್ಳಿಯ ಬೆಂಗೇರಿಯ ಮನೆಯಲ್ಲಿ ಜಂಪರು ಹೊಲಿಯುತ್ತ ಕೂತರೆ ಕೂತೇ ಇರುತ್ತಿದ್ದೆ. ನಾನು ಅತ್ತಿಲ್ಲವೆಂದು ನಮ್ಮವರೆಲ್ಲ ಒಳಗೊಳಗೇ ಹೆದರಿದ್ದರು. ಶಾಲೆಗೆ ಹೋಗುವಾಗ ನಾನು ಸೈಕಲ್ ಹೊಡೆಯುತ್ತಿದ್ದುದನ್ನು ನೆನಪಿಟ್ಟುಕೊಂಡಿದ್ದ ತಮ್ಮ, ನನ್ನನ್ನು ಕೇಳದೆಯೇ ಹೆಸರು ಕೊಟ್ಟು ಬಂದ.

ಶಿರಗುಪ್ಪಿ ದಾಟುವುದರೊಳಗೆ ನನ್ನ ತೊಡೆಗಳು ಸೋತಿದ್ದವು. ಉಳಿದವರೆಲ್ಲ ಮುಂದೆ ಹೋಗಿದ್ದರು. ಎರಡೂ ಕಡೆ ಕರಿ ಎರೆಹೊಲ, ಮೊಣಕಾಲೆತ್ತರದ ಜೋಳ. ಇಳಿದು ನಿಂತೆ. ಮಾಸ್ತರರು ಹಿಂದಿರುಗಿ ಬಂದರು. ಗದರಲಿಲ್ಲ, ಹುರಿದುಂಬಿಸಲೂ ಇಲ್ಲ. ಜೇಬಿನಿಂದ ಶೇಂಗಾ, ಬೆಲ್ಲ ತೆಗೆದು ನನ್ನ ಕೈಗಿಟ್ಟರು.

"ಏರು ಬಂದಾಗ ತುದಿ ನೋಡಬ್ಯಾಡ್ರಿ ಅಕ್ಕಾರ. ಮುಂದಿನ ಗಾಲಿ ಅಷ್ಟ ನೋಡ್ರಿ. ಅದು ತಿರಗಾಕತ್ತೈತಿಲ್ಲೋ, ಸಾಕು."

ಅವರಿಗೆ ಪ್ರತಿ ಗುಡಿಗೂ ಒಂದು ಕತೆ ಗೊತ್ತಿತ್ತು. ಅಣ್ಣಿಗೇರಿಯಲ್ಲಿ ಒಂದು ಕಂಬಕ್ಕೆ ಕೈಯಿಟ್ಟು, ಅದನ್ನು ಕಡೆಯುತ್ತಿದ್ದ ಶಿಲ್ಪಿಯ ಮಗಳು ನೀರು ತರಲು ಹೋದವಳು ತಿರುಗಿ ಬರಲಿಲ್ಲವೆಂದೂ, ಅವನು ಅಂದಿಗೇ ಉಳಿ ಕೆಳಗಿಟ್ಟನೆಂದೂ ಹೇಳಿದರು. ನಮ್ಮ ಜೊತೆಗಿದ್ದ ಇತಿಹಾಸದ ಉಪನ್ಯಾಸಕಿಯೊಬ್ಬರು, "ಇದು ಎಲ್ಲಿ ಬರದೈತ್ರಿ ಮಾಸ್ತರ?" ಎಂದು ಕೇಳಿದರು.

"ಅರ್ಧ ಕಲ್ಲಿನ್ಯಾಗ ಇರತೈತ್ರಿ, ಇನ್ನರ್ಧ ಬಾಯಾಗ," ಎಂದರು. ಎಲ್ಲರೂ ನಕ್ಕೆವು. ನಾನು ನಕ್ಕು ಬಹಳ ದಿನವಾಗಿತ್ತು.

ಮರುದಿನ ಬೆಳಿಗ್ಗೆ ಲಕ್ಕುಂಡಿಯಲ್ಲಿ ಎಲ್ಲರೂ ಗುಡಿ ನೋಡಲು ಹೋದಾಗ ನಾನು ಹಳೆಯ ಬಾವಿಯ ಮೆಟ್ಟಿಲ ಮೇಲೆ ಉಳಿದೆ. ಕೆಳಗೆ ಹಸಿರು ನೀರು ನಿಶ್ಚಲವಾಗಿತ್ತು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಮಾಸ್ತರರು ಬಂದು ಒಂದು ಮೆಟ್ಟಿಲು ಬಿಟ್ಟು ಕುಳಿತರು.

"ನನ್ನ ಹೆಂಡ್ತೀನೂ ಹೋಗ್ಯಾಳ್ರಿ," ಎಂದರು. "ಜಡ್ಡಿನ್ಯಾಗ ಹೋದ್ಲು. ಆಮ್ಯಾಲ ಒಂದ ದಿನ ಸೈಕಲ್ ತಗೊಂಡು ಹೊಂಟೆ. ಎತ್ತ ಹೊಂಟೇನಿ ಅಂತ ಗೊತ್ತಿರಲಿಲ್ಲ. ಇಲ್ಲಿಗೆ ಬಂದು ಇದ ಮೆಟ್ಟಲದ ಮ್ಯಾಲ ಕುಂತು ಅತ್ತೆ. ಅತ್ತ ಮ್ಯಾಲ ಹಸಿವಿ ಆತು. ಹಸಿವಿ ಆತಲ್ಲ, ಇನ್ನ ಬದಕತೇನಿ ಅಂತ ತಿಳೀತು."

ಆಗ ನನಗೆ ಅಳು ಬಂತು. ಅಷ್ಟು ತಿಂಗಳು ಬಾರದ ಅಳು ತಡೆದರೂ ನಿಲ್ಲಲಿಲ್ಲ. ಅಳುತ್ತಲೇ, ಯಾರಿಗೂ ಹೇಳದ ಒಂದು ಮಾತನ್ನು ಅವರಿಗೆ ಹೇಳಿದೆ. ನಾನು ದಿನಾ ಬೆಳಿಗ್ಗೆ ಯಜಮಾನರು ಆಫೀಸಿಗೆ ಹೊರಡುತ್ತಿದ್ದ ಹೊತ್ತಿಗೆ ಅವರ ಸ್ಕೂಟರಿಗೆ ಕಿಕ್ ಹೊಡೆದು ಚಾಲೂ ಮಾಡಿ, ಅಡುಗೆಮನೆಗೆ ಬಂದು ಗೋಡೆಗೆ ಒರಗಿ ನಿಂತು ಆ ಸದ್ದು ಕೇಳುತ್ತಿದ್ದೆ. ಅವರು ಈಗ ಹೊರಟರು ಅನ್ನಿಸುತ್ತಿತ್ತು.

"ಬಂದ್ ಮಾಡೂ ಮುಂದ ಕೈ ಏಳೂದಿಲ್ರಿ ಮಾಸ್ತರ," ಎಂದೆ.

ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಹಾಗೆ ಕೇಳಿಸಿಕೊಂಡ ಇನ್ನೊಬ್ಬರು ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಅಂದು ರೋಣದಲ್ಲಿ ನಾನು ಎರಡು ರೊಟ್ಟಿ ಹೆಚ್ಚು ಉಂಡೆ. ಬಾದಾಮಿಯ ಕೆಂಪು ಬಂಡೆ ಕಂಡಾಗ ಎಲ್ಲರಿಗಿಂತ ಮುಂದೆ ನಾನಿದ್ದೆ.

ಮರುವರ್ಷ ಅವರೇ ಫೋನ್ ಮಾಡಿ ಕರೆದರು. ಹಿಂದೆ ಉಳಿದವರನ್ನು ನೋಡಿಕೊಳ್ಳುವ ಕೆಲಸ ನನಗೆ ಕೊಟ್ಟರು. ಆ ಗುಂಪಿನಲ್ಲಿ ಹುಬ್ಬಳ್ಳಿಯ ಹತ್ತಿ ಸಾವಕಾರರೊಬ್ಬರಿದ್ದರು. ಹೆಂಡತಿಯನ್ನು ಕಳೆದುಕೊಂಡು ಸ್ವಲ್ಪ ದಿನವಾಗಿತ್ತು. ದಾರಿಯುದ್ದಕ್ಕೂ ಯಾರೊಂದಿಗೂ ಮಾತಿಲ್ಲ. ಅವರನ್ನು ಕಂಡರೆ ಹೋದ ವರ್ಷದ ನನ್ನನ್ನೇ ಕಂಡಂತಾಗುತ್ತಿತ್ತು.

ಲಕ್ಕುಂಡಿಯಲ್ಲಿ ನೀರಿನ ಬಾಟಲಿ ಕೊಡಲೆಂದು ಅವರನ್ನು ಹುಡುಕಿಕೊಂಡು ಬಾವಿಯತ್ತ ಹೋದೆ. ಕೆಳಗಿನ ಮೆಟ್ಟಿಲಲ್ಲಿ ಸಾವಕಾರರು ಕುಳಿತಿದ್ದರು. ಪಕ್ಕದಲ್ಲಿ ನನಗೆ ಬೆನ್ನು ಮಾಡಿಕೊಂಡು ಮಾಸ್ತರರಿದ್ದರು.

"ಆಕಿ ಹೋದ ಮ್ಯಾಲ ದಿನಾ ಮುಂಜಾನಿ ಆಕಿ ಸ್ಕೂಟರ್ ಚಾಲೂ ಮಾಡಿ ಬಿಡ್ತಿದ್ದೆ ಸಾವಕಾರ್ರ. ಅಡಗಿಮನ್ಯಾಗ ನಿಂತು ಆ ಸಪ್ಪಳ ಕೇಳತಿದ್ದೆ. ಈಗ ಹೊಂಟ್ಲು ಅನಸ್ತಿತ್ತು. ಬಂದ್ ಮಾಡೂ ಮುಂದ ಕೈ ಏಳತಿರಲಿಲ್ಲ."

ಬಾಟಲಿಯನ್ನು ಹಿಡಿದುಕೊಂಡೇ ಮೇಲೆ ಹತ್ತಿ ಬಂದೆ. ಇದ್ದರೂ ಇದ್ದೀತು, ಅವರೂ ಹಾಗೇ ಮಾಡಿದ್ದಾರು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ಕೊನೆಯ ಮಾತು ಅಕ್ಷರ ಅಕ್ಷರವೂ ನನ್ನದು. ಉಳಿದ ದಾರಿಯಲ್ಲಿ ಗುಂಪಿನ ಹಿಂದೆಯೇ ಇದ್ದು, ಅವರ ಮುಖಕ್ಕೆ ಮುಖ ಕೊಡುವುದನ್ನು ತಪ್ಪಿಸಿದೆ.

ಊರಿಗೆ ಬಂದ ವಾರದೊಳಗೆ ಧಾರವಾಡಕ್ಕೆ, ಮಾಳಮಡ್ಡಿಯ ಅವರ ಮನೆಗೆ ಹೋದೆ. ಮೊದಲೇ ತಿಳಿಸಿರಲಿಲ್ಲ. ಬಾಗಿಲು ತೆರೆದವರು ಅರವತ್ತರ ಹತ್ತಿರದ ಹೆಂಗಸು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ಜಳಕಕ್ಕ ಹೋಗ್ಯಾರ್ರಿ. ಬರ್ರಿ, ಕುಂದರ್ರಿ."

"ನೀವು ಮಾಸ್ತರ್ರ ತಂಗಿ ಏನ್ರಿ?" ಎಂದು ಕೇಳಿದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಸೈಕಲ್ ಮಂದಿ ಏನ್ರಿ ನೀವು?"

"ಹೌದ್ರಿ."

"ನಾ ಅವರ ಹೆಂಡ್ತಿ," ಎಂದರು. ಆಮೇಲೆ ಒಲೆಯತ್ತ ತಿರುಗಿ ಚಹಾಕ್ಕೆ ನೀರಿಡುತ್ತ, "ನಿಮಗ ಹೇಳೂ ಮುಂದ ನಾ ಜಡ್ಡಿನ್ಯಾಗ ಸತ್ತಿದ್ನೋ, ರಸ್ತಾದಾಗ ಸತ್ತಿದ್ನೋ?" ಎಂದು ಕೇಳಿದರು.

"ಜಡ್ಡಿನ್ಯಾಗ್ರಿ," ಎಂದೆ.

"ಹಿಂದ ಒಬ್ಬಾಕಿ ಬಂದಿದ್ಲು. ನನ್ನ ಕಂಡು ಅಂಜಿ ಹೊಳ್ಳಿ ಹೋದ್ಲು. ಮೊದಲನೇ ಸಲ ಗೊತ್ತಾದಾಗ ನಾ ಎರಡ ದಿನ ಉಂಡಿರಲಿಲ್ರಿ. ಈಗ ರೂಢಿ ಆಗೇತಿ." ದನಿಯಲ್ಲಿ ಸಿಟ್ಟಿರಲಿಲ್ಲ. ರೂಢಿಯಾಗಿದೆ ಎಂದ ಆ ಮಾತನ್ನು ಮಾತ್ರ ನಾನು ನಂಬಲಿಲ್ಲ.

ಮಾಸ್ತರರು ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನನ್ನು ಕಂಡು ನಿಂತರು.

"ಹೇಳದ ಬಂದ್ರಿ ಅಕ್ಕಾರ."

"ಹೇಳಿ ಬಂದಿದ್ರ ಇವರನ್ನ ಎಲ್ಲಿ ಕಳಸ್ತಿದ್ರಿ?"

ಅವರು ಹೆಂಡತಿಯತ್ತ ನೋಡಲಿಲ್ಲ. "ಅವತ್ತ ನೀವು ಆ ನೀರು ನೋಡೂ ರೀತಿ ಕಂಡು ನನಗ ಅಂಜಿಕಿ ಬಂದಿತ್ರಿ. ಸುಮ್ಮನ ಸಮಾಧಾನ ಹೇಳಿದ್ರ ಕೇಳತಿದ್ರೇನು? ಕಳಕೊಂಡವರು ಕಳಕೊಂಡವರ ಮಾತಷ್ಟ ಕೇಳತಾರ. ಅದಕ್ಕ ಹೇಳಿದೆ. ನಿಮಗ ಛಲೋ ಆತಿಲ್ಲೋ?"

ಆತು. ಅದನ್ನು ಅಲ್ಲಗಳೆಯಲು ನನಗೆ ಆಗಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಿತು.

"ಅದು ಇರಲಿ. ಸ್ಕೂಟರ್ ಯಾಕ ತಗೊಂಡ್ರಿ? ಅದು ನನ್ನ ಮನೀದು. ಅದನ್ನ ನಿಮಗೊಬ್ಬರಿಗೆ ಹೇಳಿದ್ದೆ."

ಅವರು ಟವೆಲ್ಲಿನ ಅಂಚನ್ನು ತಿರುವಿದರು. "ಆ ಮಾತು ಛಲೋ ಇತ್ರಿ," ಎಂದರು ಸಣ್ಣ ದನಿಯಲ್ಲಿ. "ನನ್ನ ಹತ್ರ ಅಂಥಾದ್ದು ಇರಲಿಲ್ಲ."

ಚಹಾ ಕುಡಿಯದೆ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಸ್ಕೂಟರ್ ಚಾಲೂ ಮಾಡಿ ಅಡುಗೆಮನೆಗೆ ಬಂದು ನಿಂತೆ. ಯಜಮಾನರು ನೆನಪಾಗಲಿಲ್ಲ. ಬಾವಿಯ ಮೆಟ್ಟಿಲು, ಮಾಸ್ತರರ ಬೆನ್ನು, ಆ ದನಿ ನೆನಪಾದವು. ಇನ್ನೆರಡು ದಿನ ನೋಡಿದೆ, ಹಾಗೇ ಆಯಿತು. ಆಮೇಲೆ ತಮ್ಮನನ್ನು ಕರೆಸಿ ಸ್ಕೂಟರ್ ಒಯ್ಯಲು ಹೇಳಿದೆ. ಅವನು ಓಣಿಯ ತಿರುವಿನಲ್ಲಿ ಮರೆಯಾದಾಗ ನನ್ನ ಗಂಡ ಎರಡನೆಯ ಸಲ ಮನೆ ಬಿಟ್ಟು ಹೋದಂತಾಯಿತು.

ಮಾಸ್ತರರು ಕೆಲವು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ. ಸೈಕಲ್ ಮಾತ್ರ ಬಿಡಲಿಲ್ಲ. ಭಾನುವಾರ ಒಬ್ಬಳೇ ಹೋಗುತ್ತೇನೆ. ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಆದರೆ ಅದನ್ನು ಬಿಟ್ಟರೆ ಮತ್ತೆ ಹೊಲಿಗೆ ಮಷಿನ್ನಿನ ಮುಂದೆ ಕೂತಲ್ಲೇ ಕೂರುತ್ತೇನೆಂದು ಗೊತ್ತಿತ್ತು. ಅವರು ಕೊಟ್ಟದ್ದರಿಂದಲೇ ನಡೆಯುತ್ತಿದ್ದೇನೆ ಎಂಬುದು ಪ್ರತಿ ವಾರ ಚುಚ್ಚುತ್ತದೆ.

ಕಳೆದ ಬೇಸಿಗೆಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಹೋಗುವುದಿಲ್ಲ ಎಂದುಕೊಂಡವಳು ಬಸ್ಸು ಹತ್ತಿದೆ. ಹೂವು ಕೊಳ್ಳಲಿಲ್ಲ. ಮನೆಯ ಮುಂದೆ ಸೈಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಒಳಗೆ ಮಾಸ್ತರರನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಕುಳಿತಿದ್ದರು.

ಒಳಗೆ ಹೋಗುವ ಮೊದಲೇ ಗೇಟಿನ ಬಳಿ ಹತ್ತಿ ಸಾವಕಾರರು ಸಿಕ್ಕರು. ಕೈಯಲ್ಲಿ ದೊಡ್ಡ ಸೇವಂತಿಗೆ ಹಾರ. ಬಾಗಿಲೊಳಗಿನಿಂದ ಕಾಣುತ್ತಿದ್ದ ಆ ಹೆಂಗಸನ್ನು ನೋಡಿ, "ಆ ಅವ್ವಾರು ಯಾರ್ರಿ? ಮಾಸ್ತರ್ರ ಅಕ್ಕ ಏನು?" ಎಂದು ಕೇಳಿದರು.

ಹೌದೆಂದು ಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಅವರ ಹೆಂಡ್ತಿ ರೀ," ಎಂದೆ.

"ಎರಡನೇ ಸಂಬಂಧ ಏನು?"

"ಅಲ್ರಿ. ಮೊದಲಿಂದಾನೂ ಅವರೊಬ್ಬರ ಹೆಂಡ್ತಿ."

ಸಾವಕಾರರು ಹಾರವನ್ನು ಕಂಪೌಂಡಿನ ಗೋಡೆಯ ಮೇಲಿಟ್ಟು, ಚಪ್ಪಲಿ ಎಳೆಯುತ್ತ ರಸ್ತೆಗಿಳಿದು ಹೋದರು. ಕರೆಯಬೇಕೆನ್ನಿಸಿತು. ಕರೆದು ಏನು ಹೇಳಲಿ?

ಹೂವು ಬಿಸಿಲಿಗೆ ಬಿದ್ದಿತ್ತು. ಸ್ವಲ್ಪ ಹೊತ್ತು ನೋಡಿ ಅದನ್ನು ಎತ್ತಿಕೊಂಡು ಒಳಗೆ ಹೋದೆ. ಬಾಗಿ ಮಾಸ್ತರರ ಕೊರಳಿಗೆ ಹಾಕಿದೆ.

"ನೀವಾದ್ರೂ ಬಂದ್ರಲ್ಲ," ಎಂದರು ಅವರ ಹೆಂಡತಿ ನನ್ನ ಕೈ ಹಿಡಿದು. "ಇಷ್ಟ ದೊಡ್ಡ ಹಾರ ಯಾಕ ತರಾಕ ಹೋದ್ರಿ?"

ನಾನು ತಂದದ್ದಲ್ಲ ಎಂದು ಹೇಳಲಿಲ್ಲ. ಅವರ ಪಕ್ಕದಲ್ಲಿ ಕುಳಿತುಕೊಂಡೆ.