ಕಳೆ ಎಂದು ಕಿತ್ತ ತುಂಬೆ

ಗೆಳೆಯರೇ, ಇದು ಎಂಬತ್ತರ ದಶಕದ ಕೂಡ್ಲಿಗಿಯ ಒಂದು ದಿನ. ಊರಿಗೆ ಹೊಸದಾಗಿ ಬಂದಿದ್ದ ಟೀಚರ್ ನಾನು. ಬಾಡಿಗೆ ಮನೆಯ ಅಂಗಳದಲ್ಲಿ ಹೂಬಿಟ್ಟಿದ್ದ ತುಂಬೆಯನ್ನೆಲ್ಲ ಕಳೆ ಎಂದು ಕಿತ್ತುಹಾಕಿದೆ. ಮನೆಯೊಡತಿ ಹುಸೇನಮ್ಮ ಓಡಿ ಬಂದರು.

“ಟೀಚರಮ್ಮಾ, ಎಲ್ಲಾ ಕಿತ್ತಿರೇನ್ರಿ? ನನ್ನ ಮಗಳು ಸಣ್ಣಾಕಿದ್ದಾಗ ದಿನಾ ಈ ಹೂವಿನ ಜೇನು ಹೀರ್ತಿದ್ಲು. ಇವತ್ತು ಸಂಜಿ ಬಸ್ಸಿಗೆ ತನ್ನ ಮಗಳನ್ನ ಕರ್ಕೊಂಡು ಬರ್ತಾಳ. ಆ ಕೂಸಿಗೂ ಹೀರೋದು ಕಲಿಸ್ತೀನಂತ ಕಾಗದ ಬರೆಸಿದ್ದೆ.”

ನನಗೆ ನಾಚಿಕೆಯಾಯಿತು. ಬಿಸಿಲಲ್ಲೇ ಬಯಲಿಗೆ ಹೋಗಿ, ಬೇರಿನ ಮಣ್ಣು ಉದುರದಂತೆ ನಾಲ್ಕು ಗಿಡ ತಂದು ನೆಟ್ಟೆ. ಹುಸೇನಮ್ಮ ಚೊಂಬು ಹಿಡಿದು ಬಂದರು.

“ನೀರು ಕೇಳೋ ಗಿಡ ಅಲ್ರಿ ಇದು. ಇವತ್ತು ಪಾಪ, ಗಾಬರಿ ಆಗೈತಿ.”

ಸಂಜೆ ಬಂದ ಮೊಮ್ಮಗಳು ಐದೇ ನಿಮಿಷದಲ್ಲಿ ಹೂವನ್ನೆಲ್ಲ ಹೀರಿ ಮುಗಿಸಿ, “ಇನ್ನೂ ಬೇಕು” ಎಂದು ನನ್ನ ಸೆರಗು ಎಳೆದಳು. ನಾನು ಮತ್ತೆ ಬಯಲಿಗೆ ಹೊರಟೆ.