ಮೂರು ಹೆಸರಿನ ಪಟ್ಟಿಯಲ್ಲಿ ನಾಲ್ಕನೆಯವಳು

ಹಲ್ಲಿ ಲೊಚಗುಟ್ಟಿದರೆ ನಮ್ಮಮ್ಮ ನೆಲಕ್ಕೆ ಬೆರಳು ಕುಟ್ಟುತ್ತಿದ್ದಳು. ಬೆಕ್ಕು ಅಡ್ಡ ಬಂದರೆ ಕೊಳ್ಳೇಗಾಲದ ಬಸ್ಸನ್ನು ಬಿಟ್ಟು ಮುಂದಿನ ಬಸ್ಸಿಗೆ ಹೋಗುವವಳು. ನಾನು ಅವಳನ್ನು ಆಡಿಕೊಂಡು ನಗುತ್ತಿದ್ದವಳು. ಬಿ.ಎಸ್ಸಿ.ಯಲ್ಲಿ ಅಂಕಿಅಂಶವನ್ನೇ ಒಂದು ವಿಷಯವಾಗಿ ಓದಿದ ನನಗೆ ಲೆಕ್ಕಕ್ಕೆ ಸಿಗದ್ದು ಯಾವುದೂ ಇಲ್ಲ ಎಂಬ ಜಂಬ ಬೇರೆ. ಈಗ ಹೇಳಹೊರಟಿರುವ ಸಂಗತಿಯನ್ನು ಇಷ್ಟು ವರ್ಷ ಬರೆಯದೆ ಉಳಿದದ್ದು ಓದಿದವರು ನಗುತ್ತಾರೆಂದು ಮಾತ್ರ ಅಲ್ಲ, ಇದರಲ್ಲಿ ನನ್ನದೊಂದು ಕಳ್ಳತನವೂ ಇದೆ. ಅದನ್ನೂ ಒಪ್ಪಿಕೊಂಡೇ ಹೇಳುತ್ತೇನೆ.

ಆಗ ನಾನು ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳ ಸಮೀಕ್ಷೆಯೊಂದರಲ್ಲಿ ಕೆಲಸಕ್ಕಿದ್ದೆ. ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಬೀಡಿ ಸೇದುತ್ತೀರಾ, ಅಡುಗೆ ಸೌದೆಯಲ್ಲೋ ಗ್ಯಾಸಿನಲ್ಲೋ, ನಡೆದರೆ ಏದುಸಿರು ಬರುತ್ತದೆಯೇ ಎಂದೆಲ್ಲ ಕೇಳಿ, ಬಿಪಿ ನೋಡಿ, ಸೊಂಟ ಅಳೆದು, ಕೊನೆಗೆ ಒಂದು ಯಂತ್ರದ ಕೊಳವೆಗೆ ಊದಿಸಬೇಕು. ಈ ಊದುವ ಭಾಗವೇ ಊರಿಗೆಲ್ಲ ಮೋಜು. ಎದೆ ತುಂಬ ಉಸಿರೆಳೆದು ಒಂದೇ ಸಲಕ್ಕೆ ಬಿಡಬೇಕು. ನಾನು ಪಕ್ಕದಲ್ಲಿ ನಿಂತು ‘ಊದಿ, ಊದಿ, ಇನ್ನೂ ಊದಿ, ಬಿಡಬೇಡಿ’ ಎಂದು ಗಂಟಲು ಹರಿಯುವಂತೆ ಕೂಗಬೇಕು. ಒಲೆಯ ಮುಂದೆ ಊದುಗೊಳವೆ ಹಿಡಿದು ಅಭ್ಯಾಸವಾದ ಹೆಂಗಸರು ಸಣ್ಣಗೆ ಹದವಾಗಿ ಊದುವರು, ಯಂತ್ರ ‘ಸಾಲದು’ ಎನ್ನುವುದು. ಬೀದಿಯವರೆಲ್ಲ ಬಿದ್ದು ಬಿದ್ದು ನಗುವರು.

ಮನೆಯ ಎಲ್ಲರನ್ನೂ ಊದಿಸುವಂತಿರಲಿಲ್ಲ. ಮನೆಯಲ್ಲಿರುವ ದೊಡ್ಡವರ ಹೆಸರುಗಳನ್ನು ಟ್ಯಾಬಿನಲ್ಲಿ ತುಂಬಿ ಗುಂಡಿ ಒತ್ತಿದರೆ ಅದೇ ಒಬ್ಬರನ್ನು ಆರಿಸುತ್ತದೆ. ಯಾರು ಬಂದರೋ ಅವರೇ. ಬದಲಾಯಿಸಿದರೆ ಸಮೀಕ್ಷೆಯೇ ಸುಳ್ಳಾಗುತ್ತದೆ ಎಂದು ತರಬೇತಿಯಲ್ಲಿ ಹತ್ತು ಸಲ ಹೇಳಿದ್ದರು. ಹಳ್ಳಿಯವರು ಇದಕ್ಕೆ ಲಾಟ್ರಿ ಎಂದೇ ಹೆಸರಿಟ್ಟಿದ್ದರು.

ಹೊನ್ನೂರಿನಲ್ಲಿ ಮಹದೇವಪ್ಪನವರ ಮನೆಗೆ ಹೋದದ್ದು ಬೆಳಿಗ್ಗೆ ಹತ್ತರ ಹೊತ್ತಿಗೆ. ಅರವತ್ತು ದಾಟಿದ ಗಟ್ಟಿ ಮನುಷ್ಯ, ಸ್ವಂತ ಗದ್ದೆ, ಕಬ್ಬು. ಹಿಂದಿನ ದಿನ ಎದುರು ಮನೆಯ ಗೆಳೆಯ ನಂಜಪ್ಪನಿಗೆ ಲಾಟ್ರಿ ಹೊಡೆದಿತ್ತು. ಆತ ಚೆನ್ನಾಗಿ ಊದಿ, ಇಡೀ ಸಂಜೆ ಜಗಲಿಯಲ್ಲಿ ಕೂತು ಕೊಚ್ಚಿಕೊಂಡಿದ್ದನಂತೆ. ಮಹದೇವಪ್ಪನವರು ಅದಕ್ಕಾಗಿಯೇ ಮಿಂದು, ವಿಭೂತಿ ಇಟ್ಟು, ಇಸ್ತ್ರಿ ಅಂಗಿ ತೊಟ್ಟು ಕುರ್ಚಿ ಹಾಕಿಕೊಂಡು ಕಾದಿದ್ದರು. ಮನೆಯಲ್ಲಿ ನಾಲ್ವರು: ಅವರು, ಹೆಂಡತಿ ಪುಟ್ಟತಾಯಮ್ಮ, ಕಬ್ಬಿನ ಲಾರಿ ಓಡಿಸುವ ಮಗ, ಮತ್ತು ಸೊಸೆ ಸುಧಾಮಣಿ. ಗುಂಡಿ ಒತ್ತಿದೆ. ಸುಧಾಮಣಿಯ ಹೆಸರು ಬಂತು.

ಅಜ್ಜನ ಮುಖ ನೋಡಲಾಗಲಿಲ್ಲ. ಸೊಸೆಯೂ ಬಾಗಿಲ ಹಿಂದೆ ಸರಿದು, ಮಾವನವರು ನಿಂತಿರುವಾಗ ತಾನು ಕುರ್ಚಿಯಲ್ಲಿ ಕೂತು ಕೈ ಚಾಚುವುದುಂಟೇ ಎಂದಳು. ಅದೂ ನಿಜವೇ, ಆ ಮನೆಯಲ್ಲಿ ಮಾವನೆದುರು ಸೊಸೆ ಕೂರುವ ವಾಡಿಕೆ ಇರಲಿಲ್ಲ. ಪುಟ್ಟತಾಯಮ್ಮ ಆಗಲೇ ನನಗೆ ಎಳನೀರು ಕೊಟ್ಟಿದ್ದರು. ನನಗೂ ಅಯ್ಯೋ ಅನ್ನಿಸಿತು. ತಪ್ಪು ನಮೂದಾಯಿತೆಂದು ಕಾರಣ ಹಾಕಿ ಹೆಸರುಗಳನ್ನು ಹಿಂದುಮುಂದು ಮಾಡಿ ಮತ್ತೆ ತುಂಬಿದೆ. ಮತ್ತೆ ಸುಧಾಮಣಿ. ಇಷ್ಟರಲ್ಲಿ ವಿಚಿತ್ರವೇನೂ ಇಲ್ಲ, ನಾಲ್ವರಲ್ಲಿ ಒಬ್ಬರು ಎರಡು ಸಲ ಬರಬಹುದು.

ಆಗ ಆ ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ, ‘ನನ್ ಎಸ್ರೇ ತಗ್ದಾಕ್ಬುಡಿ ಅಕ್ಕ, ತವರ್ಗೋಗಿವ್ನಿ ಅಂತ ಬರ್ಕಳಿ’ ಎಂದಳು.

ನಾನು ಕದ್ದದ್ದು ಇಲ್ಲಿ. ಅವಳ ಹೆಸರನ್ನು ಅಳಿಸಿಬಿಟ್ಟೆ. ಪಟ್ಟಿಯಲ್ಲಿ ಮೂರು ಹೆಸರು ಉಳಿದವು. ಒಂದಲ್ಲ ಎರಡು ಸಲ ಎಣಿಸಿದೆ. ಮನಸ್ಸಿನಲ್ಲೇ ಮಹದೇವಪ್ಪನವರೇ ಬರಲಿ ಎಂದುಕೊಂಡು ಗುಂಡಿ ಒತ್ತಿದೆ.

ಆಯ್ಕೆಯಾದವರು: ಸುಧಾಮಣಿ. ವಯಸ್ಸು ಇಪ್ಪತ್ತಾರು.

ಸರಿರಾತ್ರಿಯಲ್ಲ, ಸ್ಮಶಾನವಲ್ಲ. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು, ಪಕ್ಕದ ಮನೆಯ ಟಿವಿಯಲ್ಲಿ ಯಾರೋ ಅಳುತ್ತಿದ್ದರು. ಆದರೂ ನನ್ನ ಕೈಯ ರೋಮವೆಲ್ಲ ನೆಟ್ಟಗೆ ನಿಂತಿತು. ಪಟ್ಟಿಯನ್ನು ಮತ್ತೆ ತೆರೆದು ನೋಡಿದೆ, ಮೂರೇ ಹೆಸರು. ಅದರ ಕೆಳಗೆ ಅವಳು. ನನಗೆ ಹೆದರಿಕೆಯಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಮುಖ ಬೆಳ್ಳಗಾಗಿತ್ತೋ ಏನೋ, ಮಹದೇವಪ್ಪನವರು ಬಿಸಿಲು ಹತ್ತಿತೇ ಎಂದು ವಿಚಾರಿಸಿದರು. ಇನ್ನು ಇವಳನ್ನೇ ನೋಡಬೇಕು, ಬೇರೆ ದಾರಿಯಿಲ್ಲ ಎಂದೆ. ಮಾವನೆದುರು ಕೂರಲಾರಳೆಂದು ಅಡುಗೆಮನೆಗೇ ಕರೆದುಕೊಂಡು ಹೋಗಿ ಕದ ಮುಚ್ಚಿದೆ.

ಪ್ರಶ್ನೆಗೆಲ್ಲ ಇಲ್ಲ, ಇಲ್ಲ ಎಂದಳು. ಏದುಸಿರಿಲ್ಲ, ಎದೆ ಬಡಿತವಿಲ್ಲ, ಏನೂ ಇಲ್ಲ. ಬಿಪಿ ಯಂತ್ರ ಮಾತ್ರ ನಾಡಿ ಸರಿಯಿಲ್ಲವೆಂಬ ಗುರುತನ್ನು ತೋರಿಸಿತು. ಮಣಿಕಟ್ಟು ಹಿಡಿದರೆ ನಾಡಿ ಓಡುತ್ತ, ನಿಲ್ಲುತ್ತ, ಮತ್ತೆ ಓಡುತ್ತ, ತಾಳವೇ ಇಲ್ಲ. ನಾನು ಕೈ ಹಿಡಿದುಕೊಂಡೇ ಕೂತೆ. ಸ್ವಲ್ಪ ಹೊತ್ತಿಗೆ ಅವಳ ಕಣ್ಣಲ್ಲಿ ನೀರು ಬಂತು.

‘ಮಲ್ಗಕಾಗಲ್ಲ ಅಕ್ಕ. ಮೂರ್ ತಿಂಗ್ಳಾಯ್ತು, ಗ್ವಾಡೆಗೊರಗಿ ಕೂತ್ಕಂಡೇ ನಿದ್ದೆ ಮಾಡ್ತೀನಿ. ಯಾರ್ಗೂ ಯೋಳ್ಬೇಡಿ. ಕಾಯ್ಲೆಯವ್ಳು ಅಂತ ತವರ್ಗೆ ಕಳಿಸ್ಬುಟ್ಟಾರು.’

ಗಂಡ ರಾತ್ರಿಯೆಲ್ಲ ಲಾರಿಯಲ್ಲಿ. ಅತ್ತೆಮಾವ ಪಡಸಾಲೆಯಲ್ಲಿ. ಅವಳು ಕೂತು ಬೆಳಗು ಮಾಡುತ್ತಿದ್ದುದನ್ನು ನೋಡಿದವರು ಯಾರೂ ಇರಲಿಲ್ಲ. ಬಿಟ್ಟರೆ ಇವಳು ಉಳಿಯುವುದಿಲ್ಲ ಎಂದು ನನ್ನಂಥ ಅರೆ ತಿಳಿದವಳಿಗೂ ಗೊತ್ತಾಯಿತು. ನಮ್ಮ ಸಮೀಕ್ಷೆಯ ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿದೆ. ಈ ದಿನವೇ ಮೈಸೂರಿಗೆ ಕರೆತನ್ನಿ, ನಾಳೆ ಅನ್ನಬೇಡಿ ಎಂದರು. ಅವಳನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಅವಳ ಕೈ ಹಿಡಿದು ಹೊರಗೆ ಬಂದು, ಕಾಯಿಲೆಯನ್ನೂ ಅವಳ ಭಯವನ್ನೂ ಇದ್ದದ್ದು ಇದ್ದಹಾಗೆ ಮಹದೇವಪ್ಪನವರಿಗೆ ಹೇಳಿದೆ. ಅವರು ಏನನ್ನುವರೋ ಎಂದು ನನ್ನದೇ ಎದೆ ಹೊಡೆದುಕೊಳ್ಳುತ್ತಿತ್ತು.

ಅವರು ಸೊಸೆಯತ್ತ ತಿರುಗಿದರು. ಆಮೇಲೆ ತಾವು ಕಾದು ಕೂತಿದ್ದ ಕುರ್ಚಿಯನ್ನು ಅವಳ ಮುಂದಕ್ಕೆ ತಳ್ಳಿದರು.

‘ಕೂತ್ಕವ್ವ. ಇದು ನಿನ್ ಮನೆ, ಯಾರ್ ಕಳಿಸಾರು ನಿನ್ನ? ಆಟೋ ತತ್ತೀನಿ, ಓಗವ.’

ಅವಳು ಕೂತಳು. ಪುಟ್ಟತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಬುತ್ತಿ ಕಟ್ಟಿದರು.

ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರದಿಂದ ಹೃದಯದ ಒಂದು ಕವಾಟ ಕಿರಿದಾಗಿಬಿಟ್ಟಿದೆಯೆಂದು ಮೈಸೂರಿನಲ್ಲಿ ಹೇಳಿದರು. ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ ಅದನ್ನು ಅಗಲಿಸಿದರು. ಅಷ್ಟೂ ದಿನ ಮಹದೇವಪ್ಪನವರು ಆಸ್ಪತ್ರೆಯ ವರಾಂಡ ಬಿಟ್ಟು ಕದಲಲಿಲ್ಲ. ತಿಂಗಳ ಮೇಲೆ ನಾನು ಹೊನ್ನೂರಿಗೆ ಹೋದಾಗ ಸುಧಾಮಣಿ ಬಾವಿಯಿಂದ ಎರಡು ಕೊಡ ನೀರು ತರುತ್ತಿದ್ದಳು, ಅತ್ತೆ ಹಿಂದಿನಿಂದ ‘ಒಂದ್ ಸಾಕು ಕಣಮ್ಮಿ’ ಎಂದು ಬೈಯುತ್ತ ಬರುತ್ತಿದ್ದರು. ಅವತ್ತು ಯಾವ ದಾಖಲೆಗೂ ಸೇರಿಸದೆ ಅಜ್ಜನನ್ನು ಊದಿಸಿದೆ. ನಂಜಪ್ಪನನ್ನು ಸೋಲಿಸಿಬಿಟ್ಟರು. ಆ ಬೀದಿಯಲ್ಲಿ ಅಂಥ ನಗು ನಾನು ಮತ್ತೆ ಕೇಳಿಲ್ಲ. ಎಷ್ಟು ಸಂತೋಷವಾಯಿತೆಂದರೆ, ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಟ್ಯಾಬಿನ ಪ್ರೋಗ್ರಾಮ್ ನೋಡಿಕೊಳ್ಳುವ ಎಂಜಿನಿಯರ್ ಬಳಿ ಮಾತ್ರ ನನ್ನ ಕಳ್ಳತನ ಸಿಕ್ಕಿಬಿತ್ತು. ನಾನು ಒತ್ತಿದ ಮೂರೂ ಸಲದ ದಾಖಲೆ ಅವನ ಕಂಪ್ಯೂಟರಿನಲ್ಲಿತ್ತು. ಮೊದಲು ನಾಲ್ಕು ಹೆಸರು, ಮತ್ತೆ ನಾಲ್ಕು, ಆಮೇಲೆ ಮೂರು. ಮೂರಕ್ಕೂ ಫಲ ಒಂದೇ. ನೀವೇ ಟೈಪ್ ಮಾಡಿದಿರಿ ಎಂದ. ಟೈಪ್ ಮಾಡಲು ಅಲ್ಲಿ ಜಾಗವೇ ಇಲ್ಲವಲ್ಲ ಎಂದೆ. ಹೌದಲ್ಲ ಎಂದು ಅವನೂ ಒಪ್ಪಿದ. ಹಳೆಯ ಆಯ್ಕೆ ಒಳಗೆಲ್ಲೋ ಉಳಿದಿರಬೇಕೆಂದು, ಅದೇ ಟ್ಯಾಬಿನಲ್ಲಿ ಹೆಸರು ತುಂಬಿ, ಅಳಿಸಿ, ಒಂದು ಹಗಲೆಲ್ಲ ಒತ್ತಿ ನೋಡಿದ. ಅಳಿಸಿದ ಹೆಸರು ಒಮ್ಮೆಯೂ ಬರಲಿಲ್ಲ. ನಿಯಮ ಮುರಿದದ್ದಕ್ಕೆ ಮೇಲ್ವಿಚಾರಕಿಯಿಂದ ಬೈಸಿಕೊಂಡೆ. ಬೈದು ಮುಗಿಸಿದ ಮೇಲೆ ಅವರು, ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು.

ಮಹದೇವಪ್ಪನವರಿಗೆ ಅನುಮಾನವೇ ಇಲ್ಲ, ಬೆಟ್ಟದ ದೇವರು ಮಾದಪ್ಪನೇ ಆ ಹೆಸರು ಬರೆದದ್ದು ಎನ್ನುತ್ತಾರೆ. ನಮ್ಮಮ್ಮ ಕಥೆ ಕೇಳಿ ನನ್ನನ್ನು ನೋಡಿ ನಕ್ಕಳು. ಯಂತ್ರದ ದೋಷ ಎನ್ನುವವರಿಗೆ ನಾನು ಹೌದೆಂದೂ ಹೇಳಲಾರೆ, ಇಲ್ಲವೆಂದೂ ಹೇಳಲಾರೆ. ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. ಆದರೆ ನಿದ್ದೆ ಬಾರದಾಗ ನನ್ನನ್ನು ಕಾಡುವುದು ಬೇರೆ. ಆ ಟ್ಯಾಬು ನನ್ನ ಮಾತು ಕೇಳಿದ್ದರೆ ಅಜ್ಜ ಊದುತ್ತಿದ್ದರು, ಬೀದಿಯೆಲ್ಲ ನಗುತ್ತಿತ್ತು, ಸುಧಾಮಣಿ ಬಾಗಿಲಲ್ಲಿ ನಿಂತು ನನ್ನತ್ತ ಕೃತಜ್ಞತೆಯಿಂದ ಕೈ ಬೀಸುತ್ತಿದ್ದಳು. ನಾನು ಅದನ್ನು ನನ್ನ ಬದುಕಿನಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸವೆಂದು ಇವತ್ತಿಗೂ ನೆನೆಯುತ್ತಿದ್ದೆ.