ಕೂಸಿನ ಡಬ್ಬಿ, ಕಬ್ಬಿಣದ ಕಾಲು

ವಿಕ್ರೋಳಿಯ ಪಾರ್ಕ್‌ಸೈಟ್ ಗುಡ್ಡಕ್ಕೆ ಇನ್ನೂ ಪೂರಾ ಬೆಳಕು ಹರಿದಿಲ್ಲ. ಮೇಲಿನ ಗಲ್ಲಿಯಲ್ಲಿ ನಳ ಬಂದಿದೆ, ಕೊಡಗಳ ಸದ್ದು ಕೆಳಗಿನವರೆಗೂ ಕೇಳುತ್ತಿದೆ. ಗುಡ್ಡದ ಬುಡದಲ್ಲಿ ಶೇರ್ ರಿಕ್ಷಾದಿಂದ ಇಳಿದ ಗಂಗುಬಾಯಿ ಹೊಸಮನಿ ನೀಲಿ ಬಣ್ಣದ ಐಸ್‌ಪೆಟ್ಟಿಗೆಯನ್ನು ಹೆಗಲಿಗೇರಿಸಿ ಒಮ್ಮೆ ಮೇಲೆ ನೋಡುತ್ತಾರೆ. ಬಲಗಾಲಿಗೆ ಸೊಂಟದವರೆಗೆ ಕಬ್ಬಿಣದ ಕ್ಯಾಲಿಪರ್, ನಿಲ್ಲಲು ಅದೇ ಆಸರೆ. ಮೆಟ್ಟಿಲುಗಳೋ, ಒಂದು ಇದ್ದ ಹಾಗೆ ಇನ್ನೊಂದಿಲ್ಲ.

ದಿನಾ ಮುಲುಂಡ್‌ನಿಂದ ಲೋಕಲ್‌ನ ದಿವ್ಯಾಂಗರ ಬೋಗಿಯಲ್ಲಿ ಬರುವ ಇವರ ಪೆಟ್ಟಿಗೆಯ ಮೇಲೆ ಸಹಪ್ರಯಾಣಿಕರಿಗೆಲ್ಲ ಕಣ್ಣು. "ಕುಲ್ಫಿ ಐತೇನ್ರಿ ಬಾಯಾರ ಅಂತ ಕೇಳತಾರ. ಇಲ್ಲಪಾ, ಕೂಸುಗೋಳ ಕಕ್ಕಾ ತರಾಕ ಹೊಂಟೀನಿ ಅಂದ್ರ ಸೀಟ್ ಬಿಟ್ಟು ಓಡತಾರ!" ಎಂದು ನಗುತ್ತಾರೆ. ಚೇಷ್ಟೆಯ ಮಾತಲ್ಲ, ಇವರ ಕೆಲಸವೇ ಅದು. ನಗರದ ಆಸ್ಪತ್ರೆಯೊಂದು ನಡೆಸುತ್ತಿರುವ ಪೋಲಿಯೊ ಲಸಿಕೆಯ ಸಂಶೋಧನೆಗಾಗಿ ಹಸುಗೂಸುಗಳ ಮಲದ ಸ್ಯಾಂಪಲ್ ಕೂಡಿಸುವುದು.

ಕೂಸಿಗೆ ಮೊದಲು ಪೋಲಿಯೊ ಸೂಜಿ ಹಾಕುತ್ತಾರೆ, ಆಮೇಲೆ ಬಾಯಿಗೆ ಹನಿ ಹಾಕುತ್ತಾರೆ. ಹನಿಯಲ್ಲಿರುವ ಬಲಗುಂದಿಸಿದ ವೈರಾಣು ಕರುಳಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದೇ ಪರೀಕ್ಷೆ. ಬೇಗ ಗಂಟು ಮೂಟೆ ಕಟ್ಟಿದರೆ ಸೂಜಿಯ ಕಾವಲು ಗಟ್ಟಿ ಎಂದರ್ಥ. ಅದನ್ನು ತಿಳಿಯಲು ಕೂಸಿನ ಮಲವೇ ಬೇಕು, ಅದೂ ಕೆಡುವ ಮೊದಲು ಐಸಿಗೆ ಸೇರಬೇಕು. ದೇಶದಿಂದ ಪೋಲಿಯೊ ತೊಲಗಿತೆಂದು ನಾವೆಲ್ಲ ಮರೆತು ಆರಾಮಾಗಿದ್ದೇವಲ್ಲ, ಅದು ಮತ್ತೆ ಬಾರದಂತೆ ನೋಡಿಕೊಳ್ಳುವ ಕೆಲಸ ಹೀಗೆ ಯಾರದೋ ಮನೆ ಬಾಗಿಲಲ್ಲಿ ಬೆಳಗಾಗುವ ಮೊದಲೇ ಶುರುವಾಗಿರುತ್ತದೆ.

ಇಂದು ಗುಡ್ಡದ ತುದಿಯ ಮನೆಯ ವೈಶಾಲಿಯ ಮಗನ ಕೊನೆಯ ಸ್ಯಾಂಪಲ್ ಬರಬೇಕು. ಇದು ತಪ್ಪಿದರೆ ಆ ಕೂಸಿನಿಂದ ಇಷ್ಟು ದಿನ ಕೂಡಿಸಿದ್ದೆಲ್ಲ ಲೆಕ್ಕಕ್ಕಿಲ್ಲ. ನಾಳೆ ನೋಡೋಣ ಎನ್ನುವ ಹಾಗೂ ಇಲ್ಲ, ಕೂಸಿನ ಜವಳ ತೆಗೆಸಲು ಮನೆಮಂದಿಯೆಲ್ಲ ಇವತ್ತೇ ವಿಜಯಪುರದ ಗಾಡಿ ಹಿಡಿಯುತ್ತಿದ್ದಾರೆ. ಆಗಲೇ ಫೋನ್ ಬರುತ್ತದೆ. "ಮಾವಶಿ, ಬಾಳಂದು ಶೀ ಆತು! ಲೌಕರ್ ಬರ್ರಿ, ಡಬ್ಬಿ ತುಂಬಿ ಇಟ್ಟೀನಿ," ಎನ್ನುತ್ತಾಳೆ ವೈಶಾಲಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ. ಕೂಸಿನ ಕಕ್ಕಾ ಆಗಿದೆ, ಬೇಗ ಬನ್ನಿ ಎಂದು. ಗಂಗುಬಾಯಿ ಗೋಡೆ ಹಿಡಿದು ಹತ್ತತೊಡಗುತ್ತಾರೆ.

ಹತ್ತಬಾರದಿತ್ತು! ಗುಡ್ಡ ಹತ್ತಲೇಕೂಡದು ಎಂದು ಡಾಕ್ಟರ್ ಸಾಧನಾ ಹೋದ ವಾರವಷ್ಟೇ ಕಡ್ಡಿ ಮುರಿದಂತೆ ಹೇಳಿದ್ದಾರೆ.

ಗಂಗುಬಾಯಿ ಬೆಳೆದದ್ದು ಇದೇ ಗುಡ್ಡದಲ್ಲಿ. ತಂದೆ ದಾನಪ್ಪ ಇಂಡಿ ಕಡೆಯಿಂದ ಬಂದು ವಿಕ್ರೋಳಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಮಗಳು ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದಳು. ಒಂದು ಜ್ವರ ಬಂತು, ಹೋಗುವಾಗ ಬಲಗಾಲನ್ನೂ ತೆಗೆದುಕೊಂಡು ಹೋಯಿತು. ನಡೆಸಿ, ನಡೆದಷ್ಟೂ ಒಳ್ಳೆಯದು ಎಂದರಂತೆ ಆಗಿನ ಡಾಕ್ಟರು. ದಾನಪ್ಪ ಅದನ್ನು ವೇದವಾಕ್ಯ ಮಾಡಿಕೊಂಡರು. "ರಾತ್ರಿ ಪಾಳಿ ಮುಗಿಸಿ ಬಂದವ್ರು ಮಲಗೂದು ಬಿಟ್ಟು ನನ್ನ ಈ ಪಾಂವಟಿಗಿ ಹತ್ತಸೋರು. ಬಿದ್ರ ಎತ್ತತಿರಲಿಲ್ಲ. ನೀನ ಏಳವ್ವಾ ಅಂತಿದ್ರು. ಆಮ್ಯಾಲ ಅತ್ತಾಗ ಮುಖಾ ಮಾಡಿ ಕಣ್ಣ ಒರಸ್ಕೋತಿದ್ರು," ಎನ್ನುತ್ತಾರೆ ಗಂಗುಬಾಯಿ. ಅಂದಿನಿಂದ ಇವರು ಯಾರ ಕೈಗೂ ಚೀಲ ಕೊಟ್ಟವರಲ್ಲ, ಯಾರ ಕೈಯನ್ನೂ ಹಿಡಿದವರಲ್ಲ. ಹಟಮಾರಿ ಹೆಂಗಸು ಅನ್ನಿ, ತಪ್ಪಿಲ್ಲ.

ಈಗ ಐವತ್ತು ದಾಟಿದ ಮೇಲೆ ಕಾಲು ಮತ್ತೆ ಸೋಲುತ್ತಿದೆ. ಕಾಯಿಲೆ ಮರುಕಳಿಸಿದ್ದಲ್ಲ. ಸತ್ತ ನರಗಳ ಕೆಲಸವನ್ನೂ ಹೊತ್ತು ಇಷ್ಟು ವರ್ಷ ದುಡಿದ ನರಗಳು ಈಗ ಸುಸ್ತಾಗಿವೆ. ಪೋಲಿಯೊ ಗೆದ್ದವರನ್ನು ಇಳಿವಯಸ್ಸಿನಲ್ಲಿ ಕಾಡುವ ಈ ತೊಂದರೆಗೆ ಯಾವ ಚಿಕಿತ್ಸೆ ಹಿತ ಎಂದು ಹುಡುಕುವ ಇನ್ನೊಂದು ಸಂಶೋಧನೆ ಅದೇ ಆಸ್ಪತ್ರೆಯಲ್ಲಿದೆ. ಅದನ್ನು ನೋಡಿಕೊಳ್ಳುವವರು ಮೈಸೂರು ಮೂಲದ ಸಾಧನಾ. ಗಂಗುಬಾಯಿ ಅದಕ್ಕೂ ಹೆಸರು ಕೊಟ್ಟಿದ್ದಾರೆ. "ಕೂಸುಗೋಳು ಕಕ್ಕಾ ಕೊಡತಾವ, ನಾ ಕಾಲ ಕೊಟ್ಟೀನಿ. ಎಲ್ಲಾರೂ ಸ್ಯಾಂಪಲ್‌ನ," ಎನ್ನುತ್ತಾರೆ.

ಸಾಧನಾ ಅವರಿಗೆ ಮಾತ್ರ ನಗು ಬರುವುದಿಲ್ಲ. "ಆಗ ನಡೀರಿ ಅಂದಿದ್ದು ಸರಿಯೇ, ಈಗ ಕೂತ್ಕೊಳ್ಳಿ ಅಂತಿರೋದೂ ಸರಿಯೇ ಗಂಗುಬಾಯಿ. ಇರೋ ಶಕ್ತೀನ ಉಳಿಸ್ಕೊಳ್ಳೋದೇ ಈಗ ಔಷಧಿ. ಗುಡ್ಡ ಹತ್ತುತಾ ಇದ್ರೆ ಆ ಒಳ್ಳೇ ಕಾಲೂ ಕೈಕೊಡತ್ತೆ. ಪೆಟ್ಟಿಗೆ ಇಟ್ಕೊಂಡು ಕೆಳಗೇ ಇರಿ, ಅಮ್ಮಂದಿರು ಡಬ್ಬಿ ತಂದ್ಕೊಡ್ಲಿ," ಎಂದಿದ್ದಾರೆ. ಗಂಗುಬಾಯಿ ಹೂಂಗುಟ್ಟಿ ಬಂದರು. ಆದರೆ ಒಬ್ಬ ತಾಯಿಗೂ ಆ ಮಾತು ಹೇಳಲಿಲ್ಲ. "ಹೆಂಗ ಹೇಳೂದ್ರಿ? ಮಂದಿ ನೋಡ್ತಾರಂತ ಮನ್ಯಾಗ ಸೈತ ಸೆರಗ ಮುಚ್ಚಿ ಡಬ್ಬಿ ಕೊಡತಾವ ಆ ಹುಡಿಗ್ಯಾರು. ರಸ್ತಾದಾಗ ಹೊತ್ಕೊಂಡು ಬರ್ರಿ ಅನ್ಲೇನು?"

ಅದರಲ್ಲೂ ವೈಶಾಲಿಯ ಅತ್ತೆ ಸುಂದ್ರವ್ವ! ಮೊದಲ ಡಬ್ಬಿಯನ್ನು ಅವರು ಎತ್ತಿ ಗಟಾರಿಗೆ ಒಗೆದಿದ್ದರು. ಕೂಸಿನ ಹೇಲು ಒಯ್ದು ಮಾಟ ಮಾಡಿಸುತ್ತಾಳೆಂದು ಅನುಮಾನ. ಗಂಗುಬಾಯಿ ಸೀರೆ ಸರಿಸಿ ತಮ್ಮ ಕಾಲು ತೋರಿಸಿದರೆ, "ನೋಡು, ನಿನಗೂ ಯಾರೋ ಮಾಡ್ಸ್ಯಾರ," ಎಂದುಬಿಟ್ಟರಂತೆ ಪುಣ್ಯಾತ್ಗಿತ್ತಿ. ಕೊನೆಗೆ ಗಂಗುಬಾಯಿ ಹೊಸ್ತಿಲಲ್ಲೇ ಕೂತು ಚಹಾ ಕೇಳಿದರು. "ಮಾಟಾ ಮಾಡೂಕಿ ನಿಮ್ಮನಿ ಚಾ ಕುಡೀತಾಳೇನ್ ಸುಂದ್ರಕ್ಕಾ?" ಸುಂದ್ರವ್ವ ಯೋಚಿಸಿದರು, ಸ್ಟವ್ ಹಚ್ಚಿದರು. ಹೀಗೆ ಈ ಕೂಸು ಸಂಶೋಧನೆಯಲ್ಲಿ ಉಳಿಯಿತು.

ಇವತ್ತು ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಎಡಗಾಲು ನಡುಗತೊಡಗುತ್ತದೆ. ಹೌದು, ಸಾಧನಾ ಎಚ್ಚರಿಸಿದ್ದ ಆ ಒಳ್ಳೆಯ ಕಾಲೇ. ಗಂಗುಬಾಯಿ ಮುಚ್ಚಿದ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾರೆ. ಏಳಲು ನೋಡುತ್ತಾರೆ, ಆಗುವುದಿಲ್ಲ. ಮತ್ತೊಮ್ಮೆ ನೋಡುತ್ತಾರೆ. ಮುಖ ಕಪ್ಪಿಡುತ್ತದೆ. ಮೇಲೆ ಡಬ್ಬಿ ಕಾಯುತ್ತಿದೆ, ಐಸ್ ಇಲ್ಲಿದೆ, ವೈಶಾಲಿಯ ಮನೆಯವರ ಗಾಡಿಗೆ ಹೊತ್ತಾಗುತ್ತಿದೆ.

ಆಗ ಮೇಲಿನ ನಳದ ಕಡೆಯಿಂದ ಗುಡುಗಿದ ಹಾಗೆ ಒಂದು ದನಿ. "ಏ ಗಂಗೂ! ಅಲ್ಲೇ ಕುಂಡ್ರು! ಎದ್ದೀ ಅಂದ್ರ ನನ್ನಾಣಿ ಐತಿ!"

ನೀರಿಗೆಂದು ನಿಂತಿದ್ದ ಸುಂದ್ರವ್ವ ಇವರು ಕುಸಿದು ಕೂತದ್ದನ್ನು ನೋಡಿದ್ದಾರೆ. ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಓಡಿ, ಈಗ ಡಬ್ಬಿ ಹಿಡಿದು ಇಳಿಯುತ್ತಿದ್ದಾರೆ. ಸೆರಗಿನ ಮರೆಯಲ್ಲಲ್ಲ, ಎಲ್ಲರಿಗೂ ಕಾಣುವಂತೆ ಕೈ ಎತ್ತಿ ಹಿಡಿದು. ನಳದ ಸಾಲನ್ನು ಸೀಳುತ್ತ, "ಸರೀರಿ, ಹಟೋ! ನಮ್ಮ ಮೊಮ್ಮಗಂದು ಸ್ಯಾಂಪಲ್ ಐತಿ! ದೇಶಕ್ಕ ಬೇಕಾಗೇತಿ!" ಎನ್ನುತ್ತಾರೆ. ಜನ ಮೂಗು ಮುಚ್ಚಿಕೊಂಡು ದಾರಿ ಬಿಡುತ್ತಾರೆ, ನಗುತ್ತಾರೆ. ನಗಲಿ ಬಿಡಿ!

ಡಬ್ಬಿ ಐಸಿನೊಳಗೆ ಸೇರುತ್ತದೆ. ಗಂಗುಬಾಯಿ ಚೀಟಿ ಅಂಟಿಸುತ್ತಾರೆ. ಕಣ್ಣು ತುಂಬಿದ್ದನ್ನು ಮುಚ್ಚಿಡಲು ಹೋಗುವುದಿಲ್ಲ.

"ಮೊದಲ ಹೇಳಾಕ ಬಾಯಿ ಬಿದ್ದಿತ್ತೇನ? ಊರಿಂದ ಬಂದಮ್ಯಾಲ ಉಳದ ಕೂಸುಗೋಳ್ದೂ ನಾನ ತರತೀನಿ. ನೀ ಕೆಳಗ ಕುಂಡ್ರು," ಎಂದು ಗದರುತ್ತಾರೆ ಸುಂದ್ರವ್ವ. ಹಾಗೇ ಪಕ್ಕದಲ್ಲಿ ಕೂತು ಕ್ಯಾಲಿಪರನ್ನು ಮುಟ್ಟಿ ನೋಡುತ್ತಾರೆ. "ಯವ್ವಾ, ಎಷ್ಟ್ ಭಾರ ಐತಲ್ಲ ಇದು. ಎಲ್ಲಿ ಮಾಡ್ತಾರ?"

ಐಸ್‌ಪೆಟ್ಟಿಗೆಯನ್ನು ಸುಂದ್ರವ್ವನ ಕೈಗೆ ಕೊಟ್ಟು, ಅವರ ಹೆಗಲು ಹಿಡಿದು ಗಂಗುಬಾಯಿ ಎದ್ದು ನಿಲ್ಲುತ್ತಾರೆ.

"ದಾದರ್‌ದಾಗ ಒಬ್ಬ ಅದಾನ. ಕೂಸುಗೋಳ ಸೈಜ್ ಮಾಡೂದು ಬಿಟ್ಟ ಬಿಟ್ಟಾನ, ಬರೂವ್ರ ಇಲ್ಲಂತ. ದೊಡ್ಡ ಸೈಜಿಗೂ ಕಡೀ ಗಿರಾಕಿ ನಾನ ಆಗ್ಲಿ ಸುಂದ್ರಕ್ಕಾ. ಆಮ್ಯಾಲ ಅವ ಚಪ್ಲಿ ಮಾರ್ಲಿ. ಮೊದಲ್ನೇ ಜೋಡಿ ನಿನ್ನ ಮೊಮ್ಮಗಗ ನಾ ಕೊಡಸ್ತೀನಿ."